ಲಿಕಾಂಡೊನ ಚಳಿಗಾಲದ ಗಂಟೆ

ಇನೋಂಗೆಯ ಮನೆಯ ಗೋಡೆ ಗಡಿಯಾರ ತಪ್ಪು ಹೊತ್ತು ತೋರಿಸಿದ್ದನ್ನು ಲುಬೆಜಾ ಹಳ್ಳಿಯಲ್ಲಿ ಯಾರೂ ಕಂಡವರಿಲ್ಲ. ಬೇರೆಯವರು ರೇಡಿಯೊ ಕೇಳಿ ಗಡಿಯಾರ ಸರಿ ಮಾಡಿಕೊಂಡರೆ, ಈಕೆ ಗಡಿಯಾರ ನೋಡಿ ರೇಡಿಯೊ ಸರಿಯಿದೆಯೋ ಇಲ್ಲವೋ ಎಂದು ತೀರ್ಪು ಕೊಡುವ ಹೆಂಗಸು. ವರ್ಷದಲ್ಲಿ ಐದು ತಿಂಗಳು ರೇಡಿಯೊ ತಪ್ಪಾಗಿಯೇ ಇರುತ್ತಿತ್ತು. ಏಪ್ರಿಲ್ ತಿಂಗಳ ಮೊದಲ ಭಾನುವಾರ ಬಂತೆಂದರೆ ರಾಜಧಾನಿ ವಿಂಡ್‌ಹೂಕ್‌ನ ಸರ್ಕಾರ ಚಳಿಗಾಲದ ಟೈಮು ಎಂದು ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಿತ್ತು, ಸೆಪ್ಟೆಂಬರಿನಲ್ಲಿ ಮತ್ತೆ ಮುಂದಕ್ಕೆ. ದೇಶದ ಮೂಡಣ ತುದಿಯ ಈ ಸೀಮೆಯೊಂದೇ ಆ ಕಾನೂನಿನಿಂದ ಹೊರಗೆ. ಹಾಗಾಗಿ ಕ್ವಾಂಡೊ ಹೊಳೆಯ ಸೇತುವೆಯ ಈಚೆ ದಡದಲ್ಲಿ ವರ್ಷವಿಡೀ ಸೀಮೆಯ ದೊಡ್ಡ ಪಟ್ಟಣವಾದ ಕಟಿಮಾದ ಟೈಮು, ಆಚೆ ದಡದಲ್ಲಿ ಚಳಿಗಾಲ ಬಂದರೆ ರೇಡಿಯೊ ಟೈಮು. ಈಚೆ ಐದು ಹೊಡೆದಾಗ ಆಚೆ ನಾಲ್ಕು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೀಗೇ ಬದುಕಿದ ಜನ ಯಾರು ಎಷ್ಟು ಗಂಟೆ ಎಂದರೂ, 'ಯಾರ ಗಂಟೆ?' ಎಂದು ಕೇಳಿಯೇ ಮುಂದಿನ ಮಾತು ಆಡುತ್ತಿದ್ದರು.

ಇನೋಂಗೆ ಹೊಲಿಗೆಯವಳು. ಶಾಲೆ ಮಕ್ಕಳ ಯೂನಿಫಾರ್ಮು, ಚರ್ಚಿನ ಹೆಂಗಸರ ಬಿಳಿ ಬ್ಲೌಸು ಎಲ್ಲ ಅವಳ ಮಶೀನಿನಿಂದಲೇ ಬರಬೇಕು. ಟೇಪು ಸದಾ ಕುತ್ತಿಗೆಯಲ್ಲಿ ನೇತಾಡುತ್ತಿತ್ತು, ಆದರೆ ಅದನ್ನು ಬಳಸುತ್ತಿದ್ದದ್ದು ಅಪರೂಪ. ಗಿರಾಕಿ ಜೊಂಡಿನ ಗೋಡೆಯ ಬಾಗಿಲಲ್ಲಿ ಮಂಡಿಯೂರಿ, ರೂಢಿಯಂತೆ ಮೆಲ್ಲಗೆ ಎರಡು ಕೈ ತಟ್ಟಿ, ಒಳಗೆ ಕರೆಯಲಿ ಎಂದು ಕಾದಿರುವಾಗಲೇ ಈಕೆ ಕಣ್ಣಲ್ಲೇ ಅಳೆದು, ತೋಳು ಇಷ್ಟು, ಸೊಂಟ ಇಷ್ಟು, ಹೋದ ಸಲಕ್ಕಿಂತ ದಪ್ಪಗಾಗಿದ್ದೀಯ ಎಂದು ಹೇಳಿ ಮುಗಿಸಿರುತ್ತಿದ್ದಳು. ಊರಿನವರು ಅವಳನ್ನು ಮಶೀನಮ್ಮ ಎಂದು ಕರೆಯುತ್ತಿದ್ದರು.

ಮೊದಲು ಹಾಗೆ ಕರೆಯುತ್ತಿರಲಿಲ್ಲ. ಹೆತ್ತ ಹೆಂಗಸನ್ನು ಅಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ, ಚೊಚ್ಚಲ ಮಗುವಿನ ತಾಯಿ ಎಂದೇ ಕರೆಯುವುದು. ಇವಳೂ ನಾಸಿಲೆಲೆಯ ತಾಯಿಯೇ ಆಗಿದ್ದಳು. ಎಂಟು ವರ್ಷದ ಹಿಂದೆ ಆ ಒಬ್ಬಳೇ ಮಗಳು ಆಚೆ ದಡದ ಕ್ವೆ ಜನರ ಹುಡುಗನೊಬ್ಬನ ಜೊತೆ ಹೊರಟು ಹೋದಳು. ಆಲ್ಫಿಯಸ್ ಎಂದು ಹೆಸರು, ಕಾಡಿನಲ್ಲಿ ಪ್ರಾಣಿಗಳ ಜಾಡು ಹಿಡಿಯುವ ಕೆಲಸ. ಈಚೆ ದಡದ ದನ ಸಾಕುವ ಮಂದಿ ಕ್ವೆ ಜನರನ್ನು ತಮಗಿಂತ ನಾಲ್ಕು ಮೆಟ್ಟಿಲು ಕೆಳಗೆ ಇಟ್ಟೇ ನೋಡುತ್ತಿದ್ದರು. ಯಾಕಪ್ಪಾ ಎಂದು ಕೇಳಿದರೆ ಒಬ್ಬರ ಬಾಯಲ್ಲೂ ನೆಟ್ಟಗಿನ ಉತ್ತರ ಇರಲಿಲ್ಲ. ಇನೋಂಗೆ ಬೀದಿಗೆ ಬಂದು ನಿಂತು, ಕಾಡಿನವನ ಹಿಂದೆ ಹೋದವಳು ನನ್ನ ಪಾಲಿಗೆ ಇಲ್ಲ, ಅವಳ ಹೆಸರೆತ್ತುವವರು ನನ್ನ ಅಂಗಳ ತುಳಿಯಬೇಡಿ ಎಂದು ಊರಿಗೆಲ್ಲ ಕೇಳುವಂತೆ ಹೇಳಿದಳು. ಅವಳ ಬಾಯಿಗೆ ಹೆದರದವರು ಯಾರು? ಅಂದಿನಿಂದ ಯಾರೂ ಆ ಹೆಸರು ಎತ್ತಲಿಲ್ಲ. ಗಂಡ ಲಿಕಾಂಡೊನೂ ಎತ್ತಲಿಲ್ಲ. ಕರೆಯುವುದಕ್ಕೆ ಏನಾದರೂ ಒಂದು ಬೇಕಲ್ಲ, ಮಶೀನಮ್ಮ ಎಂದಾಯಿತು.

ಲಿಕಾಂಡೊ ಆಚೆ ದಡದಲ್ಲಿ ರಸ್ತೆ ಕೆಲಸದ ಕಂಪನಿಯೊಂದರ ಯಾರ್ಡಿನ ಗೇಟು ಕಾಯುತ್ತಿದ್ದ. ಮಾತು ಕಡಿಮೆ. ಹೆಂಡತಿ ಹತ್ತು ಮಾತಾಡಿದರೆ ಒಂದು ಹೂಂ. ಬೇಸಗೆಯಲ್ಲಿ ಐದಕ್ಕೆ ಗೇಟು ಹಾಕಿ, ಸೈಕಲ್ ಹತ್ತಿ, ಐದೂವರೆಗೆ ಸರಿಯಾಗಿ ಮನೆಯಲ್ಲಿರುತ್ತಿದ್ದ. ಚಳಿಗಾಲದಲ್ಲಿ ಮಾತ್ರ ಆರೂವರೆ. ಅದಕ್ಕೆ ಕಾರಣವನ್ನೂ ಹೇಳಿದ್ದ. ಬೆಳಿಗ್ಗೆ ಲಾರಿಗಳು ಬರುವುದು ಕಟಿಮಾದಿಂದ, ಆದ್ದರಿಂದ ಗೇಟು ತೆರೆಯುವುದು ಕಟಿಮಾ ಟೈಮಿಗೆ. ಸಂಜೆ ಫೋನು ಮಾಡುವ ದೊಡ್ಡ ಆಫೀಸು ಇರುವುದು ಆಚೆ ಸೀಮೆಯ ರುಂಡು ಪಟ್ಟಣದಲ್ಲಿ, ಆದ್ದರಿಂದ ಮುಚ್ಚುವುದು ರೇಡಿಯೊ ಟೈಮಿಗೆ. ನಡುವಿನ ಒಂದು ಗಂಟೆ ಪುಕ್ಕಟೆ ದುಡಿಮೆ. ರುಂಡುವಿಗೆ ಹೊಸ ಸಾಹೇಬ ಬಂದ ಮೇಲೆ ಶುರುವಾದ ಕಿರಿಕಿರಿ ಇದು ಎಂದಿದ್ದ.

ಆರು ಚಳಿಗಾಲ ಇನೋಂಗೆ ಇದನ್ನು ನಂಬಿದಳು. ನಂಬಿ ಗಂಡನ ಮೇಲಲ್ಲ, ಸರ್ಕಾರದ ಮೇಲೆ ಹಲ್ಲು ಕಡಿದಳು. ಜೂನ್ ತಿಂಗಳಲ್ಲಿ ಆರಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ. ಆನೆಗಳು ಹೊಳೆಗಿಳಿಯುವುದು ಅದೇ ಸಮಯ. ಕತ್ತಲಲ್ಲಿ, ಬ್ರೇಕಿಲ್ಲದ ಸೈಕಲ್ಲಿನಲ್ಲಿ, ಐವತ್ತೆಂಟು ವರ್ಷದ ಗಂಡ ಆ ದಾರಿಯಲ್ಲಿ ಬರಬೇಕು. ಅವಳು ದಿನಾ ಆರರಿಂದ ಆರೂವರೆಯವರೆಗೆ ಮಶೀನು ನಿಲ್ಲಿಸಿ ಸೈಕಲ್ಲಿನ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದಳು. ಸದ್ದು ಕೇಳಿಸಿದೊಡನೆ ಮತ್ತೆ ಮಶೀನು ತುಳಿಯುತ್ತಿದ್ದಳು. ಕಾಯುತ್ತಿದ್ದೆ ಎಂದು ಅವನಿಗೆ ಗೊತ್ತಾಗಬಾರದಲ್ಲ.

ಹೀಗಿರುವಾಗ ಎರಡು ಸಾವಿರದ ಹದಿನೇಳರ ಮೇ ತಿಂಗಳಲ್ಲಿ ವಿಂಡ್‌ಹೂಕ್‌ನಿಂದ ಇಬ್ಬರು ಅಧಿಕಾರಿಗಳು ಬಂದು ಶಾಲೆಯ ಅಂಗಳದಲ್ಲಿ ಸಭೆ ಕರೆದರು. ಎರಡೂ ದಡದ ಜನ ಬಂದಿದ್ದರು. ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುವುದನ್ನು ಮುಂದುವರಿಸಬೇಕೋ, ನಿಲ್ಲಿಸಿ ದೇಶಕ್ಕೆಲ್ಲ ಒಂದೇ ಟೈಮು ಮಾಡಬೇಕೋ, ನೀವೇ ಹೇಳಿ ಎಂದರು.

ನೀವೇ ಹೇಳಿ ಎಂದದ್ದೇ ತಪ್ಪಾಯಿತು. ಊರ ಹಿರಿಯ ಮಟೆಂಗು ಕೋಲೂರಿ ಎದ್ದು ನಿಂತ. "ಸಾಹೇಬ್ರೆ, ನಾಲ್ಕು ವರ್ಷದ ಹಿಂದೆ ನಮ್ಮ ಸೀಮೆ ಹೆಸರೇ ಬದಲಾಯಿಸಿದ್ರಿ. ಕ್ಯಾಪ್ರಿವಿ ಅಂತ ಮಲಗಿದೋರು ಝಾಂಬೆಜಿ ಅಂತ ಎದ್ವಿ. ಆವಾಗ ಯಾರೂ ಕೇಳೋಕೆ ಬರ್ಲಿಲ್ಲ. ಈಗ ಗಡಿಯಾರದ ಮುಳ್ಳಿಗೆ ಇಷ್ಟು ದೂರ ಪೆಟ್ರೋಲ್ ಸುಟ್ಕೊಂಡು ಬಂದಿದೀರಲ್ಲ, ಅದರ ಒಳಗುಟ್ಟೇನು?"

ಒಳಗುಟ್ಟೇನೂ ಇಲ್ಲ ಎಂದು ಅಧಿಕಾರಿ ಆಣೆ ಮಾಡುವುದೊಂದೇ ಬಾಕಿ. ಜನ ನಂಬಲಿಲ್ಲ. ಎಲ್ಲರಿಗೂ ಒಂದೇ ಟೈಮು ಎಂದರೆ ಯಾರ ಟೈಮು, ನಿಮ್ಮದೋ ನಮ್ಮದೋ ಎಂದು ಒಬ್ಬ ಕೇಳಿದ. ನಿಮ್ಮದೇ ಎಂದಾಗ ಅನುಮಾನ ಇನ್ನೂ ಜಾಸ್ತಿಯಾಯಿತು. ವಿಂಡ್‌ಹೂಕ್‌ನವರು ನಮ್ಮ ಹಾದಿಗೆ ಬರುತ್ತಾರಂತೆ, ಇದರಲ್ಲೇನೋ ಇದೆ ಎಂದು ಹಿಂದಿನ ಸಾಲಿನಲ್ಲಿ ಗುಸುಗುಸು. ಆಚೆ ದಡದ ಶಾಲೆಗೆ ಮಕ್ಕಳು ಕತ್ತಲಲ್ಲಿ ನಡೆಯಬೇಕಾಗುತ್ತದೆ ಎಂದು ಒಬ್ಬಳು ತಾಯಿ ಅಂದಳು. ಈಚೆ ಮಕ್ಕಳು ಇಷ್ಟು ವರ್ಷ ಕತ್ತಲಲ್ಲೇ ನಡೆದಿಲ್ಲವೇ ಎಂದು ಇನ್ನೊಬ್ಬಳು ಅಂದಳು. ಸಭೆ ಎತ್ತಲೂ ವಾಲದೆ ನಿಂತಿತ್ತು.

ಆಗ ಎದ್ದಳು ಇನೋಂಗೆ. ಈ ಚಳಿಗಾಲದ ಟೈಮು ಆರು ವರ್ಷದಿಂದ ನನ್ನ ಗಂಡನ ದಿನಕ್ಕೊಂದು ಗಂಟೆ ತಿಂದಿದೆ, ಅವನು ಆನೆ ಕಾಲಿಗೆ ಸಿಕ್ಕಿದರೆ ನಿಮ್ಮ ಗಡಿಯಾರ ಬಂದು ಮಣ್ಣು ಮಾಡುತ್ತದೆಯೇ, ತೆಗೆದು ಬಿಸಾಡಿ ಎಂದು ಖಡಾಖಂಡಿತವಾಗಿ ಹೇಳಿದಳು. ಗಂಡನ ಪರವಾಗಿ ಮಾತಾಡಿದ ಸಮಾಧಾನದಲ್ಲಿ ಕೂತಳೋ ಇಲ್ಲವೋ, ಬೇಲಿಯ ಹತ್ತಿರ ಯಾರೋ ಗಂಟಲು ಸರಿಮಾಡಿಕೊಂಡರು. ತಿರುಗಿ ನೋಡಿದರೆ ಲಿಕಾಂಡೊ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಸಭೆಯಲ್ಲಿ ಬಾಯಿ ಬಿಟ್ಟದ್ದನ್ನು ಅವಳು ನೋಡಿರಲಿಲ್ಲ.

"ಇರ್ಲಿ ಬಿಡಿ ಅದು," ಅಂದ ಲಿಕಾಂಡೊ. ಟೋಪಿಯನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದ. "ಇಷ್ಟು ವರ್ಷದಿಂದ ಇದೆ, ಯಾರ ಕೈಕಾಲೂ ಮುರಿದಿಲ್ಲ. ಒಂದು ಗಂಟೆ ತಾನೆ. ಚಳಿಗಾಲದ ಟೈಮು ತೆಗೀಬೇಡಿ ಸಾಹೇಬ್ರೆ. ದಯವಿಟ್ಟು."

ದಯವಿಟ್ಟು! ಇನೋಂಗೆಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೇ ಅಂದಳು, "ಪುಕ್ಕಟೆ ದುಡಿದೂ ದುಡಿದೂ ರೂಢಿಯಾಗ್ಬಿಟ್ಟಿದೆ ಸಾಹೇಬ್ರೆ ನಮ್ಮ ಯಜಮಾನ್ರಿಗೆ. ಕೊಟ್ಟಿಗೆ ಬಾಗಿಲು ತೆಗೆದಿಟ್ರೂ ಆಚೆ ಬರಲ್ಲ ಅನ್ನೋ ಎತ್ತು ಇದು."

ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಿನಲ್ಲೇ ಕೈಗಳು ಮೇಲೆದ್ದವು. ತೆಗೆಯಿರಿ ಎನ್ನುವವರು ಕೈ ಎತ್ತಿ ಎಂದು ಅಧಿಕಾರಿ ಹೇಳುವ ಮೊದಲೇ ಮುಕ್ಕಾಲು ಸಭೆ ಕೈ ಎತ್ತಿತ್ತು. ಲಿಕಾಂಡೊ ಟೋಪಿ ಹಾಕಿಕೊಂಡು ಮನೆಯ ದಾರಿ ಹಿಡಿದ.

ಮನೆಗೆ ನಡೆಯುವಾಗ ಇನೋಂಗೆಗೆ ಒಂದು ನೆನಪಾಯಿತು. ಗಂಡಸರು ನಕ್ಕರು, ಸರಿ. ಹೆಂಗಸರು ನಗಲಿಲ್ಲ. ತನ್ನ ಸುತ್ತ ಕೂತಿದ್ದ ನಾಲ್ಕೈದು ಜನ ತಲೆ ತಗ್ಗಿಸಿ ಮರಳಲ್ಲಿ ಗೆರೆ ಎಳೆಯುತ್ತ ಕೂತಿದ್ದರು. ಯಾಕೆ? ಪುಕ್ಕಟೆ ದುಡಿಸಿಕೊಳ್ಳುವ ಗಂಟೆಯನ್ನು ಯಾವ ಗಂಡಸು ಬೇಕು ಎಂದು ಬೇಡಿಕೊಳ್ಳುತ್ತಾನೆ? ಅಲ್ಲಿಗೆ ಅವಳ ತಲೆಯೊಳಗೆ ಹುಳ ಹೊಕ್ಕಿತು.

ಹುಳ ಹೊಕ್ಕ ಮೇಲೆ ಕೇಳಬೇಕೇ. ಅವಳು ಗಂಡನನ್ನು ಬಾಯಿಬಿಟ್ಟು ಏನೂ ಕೇಳಲಿಲ್ಲ. ಕೇಳಿದರೆ ಹುಷಾರಾಗಿಬಿಡುತ್ತಾನೆ. ಮೊದಲು ತನ್ನ ಚಿಂದಿ ಚೀಲ ಬಿಚ್ಚಿ ನೋಡಿದಳು. ಕತ್ತರಿಸಿ ಉಳಿದ ತುಂಡುಗಳನ್ನೆಲ್ಲ ಅವಳು ಅದರಲ್ಲಿ ಹಾಕಿಡುತ್ತಿದ್ದಳು, ಯಾವ ತುಂಡು ಯಾವ ಬಟ್ಟೆಯದೆಂದು ನೆನಪಿರುತ್ತಿತ್ತು. ಹೋದ ತಿಂಗಳು ಹಾಕಿದ್ದ ಹಳದಿ ತುಂಡುಗಳು, ಗಿನಿಕೋಳಿ ಚಿತ್ರದವು, ಕಾಣಲಿಲ್ಲ. ಒಂದಲ್ಲ, ನಾಲ್ಕು. ಹಿಂದಿನ ಚಳಿಗಾಲದಲ್ಲೂ ಹೀಗೇ ಏನೋ ಕಳೆದಿತ್ತು, ಇಲಿಯ ಮೇಲೆ ಹಾಕಿ ಸುಮ್ಮನಾಗಿದ್ದಳು. ಇಲಿ ಚಳಿಗಾಲದಲ್ಲಿ ಮಾತ್ರ, ಅದೂ ಚೆಂದದ ತುಂಡು ಆರಿಸಿ ಒಯ್ಯುತ್ತದೆಯೇ? ಇದು ಹೆಂಗಸಿನ ಕೆಲಸ ಎಂದುಕೊಂಡಳು. ಯಾವಳೋ ಒಬ್ಬಳು ನನ್ನ ಚೀಲದ ಬಟ್ಟೆಯಲ್ಲಿ ಸಿಂಗಾರ ಮಾಡಿಕೊಳ್ಳುತ್ತಿದ್ದಾಳೆ.

ಮಾರನೆಯ ಸಂಜೆ ಐದೂವರೆಗೆ, ಕಟಿಮಾ ಟೈಮಿನ ಐದೂವರೆಗೆ, ಎರಡು ಮನೆ ಆಚೆ ಇದ್ದ ಚಾಝೆಯ ಅಂಗಳಕ್ಕೆ ಹೋದಳು. ಚಾಝೆಯ ಗಂಡ ಸಿಟಾಲಿ ಅದೇ ಯಾರ್ಡಿನಲ್ಲಿ ಡ್ರೈವರು. ಬ್ಲೌಸಿನ ತೋಳು ಉದ್ದವಾಯಿತೇನೋ ನೋಡೋಣ ಎಂಬ ನೆಪ. ಹೊಸ್ತಿಲಲ್ಲಿ ಸಿಟಾಲಿಯ ಕೆಸರು ಬೂಟು ಆಗಲೇ ಬಿದ್ದಿತ್ತು, ಒಳಗಿನಿಂದ ಗೊರಕೆಯೂ ಕೇಳುತ್ತಿತ್ತು.

"ನಿಮ್ಮವರು ಇವತ್ತು ಬೇಗ ಬಂದ್ರಾ?" ಎಂದು ಇನೋಂಗೆ ಬಹಳ ಹಗುರವಾಗಿ ಕೇಳಿದಳು.

"ಬೇಗ ಎಲ್ಲಿ ಬಂತು ಮಶೀನಮ್ಮ, ದಿನಾ ಇಷ್ಟೊತ್ತಿಗೇ. ಯಾರ್ಡಲ್ಲಿ ಇರೋರೆಲ್ಲ ಈ ಕಡೆಯೋರು, ಚಳಿಗಾಲ ಬೇಸಗೆ ಅಂತಿಲ್ಲ, ನಮ್ಮ ಐದಕ್ಕೇ ಬೀಗ. ನಿಮ್ಮವರೇ ತಾನೆ ಬೀಗ ಹಾಕೋದು, ಆಮೇಲೆ ಇವರು ಈ ಕಡೆ ತಿರುಗಿದ್ರೆ ಅವರು..."

ಚಾಝೆ ಅಲ್ಲಿಗೆ ನಿಂತಳು. ಬಿಸಿ ಪಾತ್ರೆ ಮುಟ್ಟಿದವಳ ಮುಖ ಮಾಡಿ, ತೋಳು ಸರಿಯಾಗೇ ಇದೆ ಮಶೀನಮ್ಮ, ಒಲೆ ಮೇಲೆ ಮೀನು ಇಟ್ಟಿದ್ದೀನಿ ಎಂದು ಒಳಗೆ ಓಡಿದಳು. ಒಲೆಯೇ ಹೊತ್ತಿರಲಿಲ್ಲ. ಇನೋಂಗೆಗೆ ಅದೂ ಕಂಡಿತು.

ಅಂದರೆ ಊರಿಗೆಲ್ಲ ಗೊತ್ತು. ಅವಳಿಗೆ ಗಂಡನ ಮೋಸಕ್ಕಿಂತ ಇದು ಹೆಚ್ಚು ನಾಟಿತು. ಆರು ವರ್ಷದಿಂದ ಊರಿನ ಹೆಂಗಸರೆಲ್ಲ ತನ್ನ ಬಾಗಿಲಲ್ಲಿ ಮಂಡಿಯೂರಿ ಕೈ ತಟ್ಟಿ, ಒಳಗೊಳಗೇ ತನ್ನನ್ನು ಅಯ್ಯೋ ಪಾಪ ಎಂದುಕೊಂಡು ಹೋಗಿದ್ದಾರೆ. ಅವರೆಲ್ಲರ ಅಳತೆ ಇವಳಿಗೆ ಗೊತ್ತಿತ್ತು, ಇವಳ ಅಳತೆ ಅವರಿಗೂ ಗೊತ್ತಿತ್ತಲ್ಲ! ಅಂದು ಆರೂವರೆಗೆ ಲಿಕಾಂಡೊ ಬಂದು, ರುಂಡು ಆಫೀಸಿಂದ ಫೋನು ಬರೋದು ತಡವಾಯ್ತು ಎಂದು ಎಂದಿನ ಮಾತು ಹೇಳಿದ. ಅವಳು ಮೆಕ್ಕೆಜೋಳದ ಮುದ್ದೆಯನ್ನು ತಟ್ಟೆಗೆ ಬಡಿದ ಸದ್ದಿಗೆ ಕೋಳಿಗಳು ಎದ್ದವು.

ಮರುದಿನ ನಾಲ್ಕಕ್ಕೇ ಇಬ್ಬರು ಮಕ್ಕಳ ಯೂನಿಫಾರ್ಮಿನ ಗಂಟು ಕಂಕುಳಿಗಿಟ್ಟುಕೊಂಡು ಸೇತುವೆ ದಾಟಿದಳು. ಯಾರಾದರೂ ಕೇಳಿದರೆ ಬಟ್ಟೆ ಕೊಡಲು ಹೊರಟವಳು. ಯಾರ್ಡಿನ ಪಕ್ಕದ ಡಾಂಬರು ಪೀಪಾಯಿಗಳ ಹಿಂದೆ ಅವಿತು ಕೂತಳು. ಐವತ್ನಾಲ್ಕು ವರ್ಷದ ಹೆಂಗಸು, ಮಂಡಿ ನೋವು ಬೇರೆ, ಪೀಪಾಯಿ ಹಿಂದೆ ಕೂತು ಗಂಡನನ್ನು ಕಾಯುವುದೆಂದರೆ ನಾಚಿಕೆಗೇಡು. ನಾಚಿಕೆಯೂ ಆಯಿತು, ಆದರೂ ಏಳಲಿಲ್ಲ. ಕಟಿಮಾ ಐದಕ್ಕೆ ಸರಿಯಾಗಿ ಲಿಕಾಂಡೊ ಗೇಟಿಗೆ ಬೀಗ ಹಾಕಿದ. ಸಿಟಾಲಿ ಸೇತುವೆ ಕಡೆ ತಿರುಗಿದ. ಲಿಕಾಂಡೊ ಎಡಕ್ಕೆ, ಕಾಡಿನಂಚಿನ ಮರಳು ದಾರಿಗೆ ಇಳಿದ. ಇಳಿಯುವಾಗ ಶಿಳ್ಳೆ ಹಾಕುತ್ತಿದ್ದ. ಮನೆಗೆ ಬರುವಾಗ ಅವನು ಶಿಳ್ಳೆ ಹಾಕಿದ್ದು ಅವಳಿಗೆ ನೆನಪಿಲ್ಲ.

ಮರಳಿನಲ್ಲಿ ಸೈಕಲ್ಲಿನ ಜಾಡು ಚೆನ್ನಾಗಿ ಮೂಡಿತ್ತು. ಹಿಂದಿನ ಚಕ್ರಕ್ಕೆ ಹಾಕಿದ ತೇಪೆ ಆಳುದ್ದಕ್ಕೊಂದು ಗುರುತು ಬಿಡುತ್ತ ಹೋಗಿತ್ತು. ಜಾಡು ಹಿಡಿಯುವವರನ್ನು ಜನ್ಮವಿಡೀ ಹೀಯಾಳಿಸಿದ ಇನೋಂಗೆ ತಲೆ ತಗ್ಗಿಸಿ ಆ ತೇಪೆಯ ಗುರುತನ್ನೇ ಹಿಡಿದು ನಡೆದಳು. ಏನೇನು ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಆ ಹೆಂಗಸಿಗೆ ಮೊದಲು, ಇವನಿಗೆ ಆಮೇಲೆ. ಮೈಲಿಗೂ ಕಡಿಮೆ ದೂರ. ಜಾಡು ಒಂದು ಗುಡಿಸಲಿನ ಜೊಂಡಿನ ಗೋಡೆಯ ಒಳಗೆ ಹೋಗಿ ಮುಗಿದಿತ್ತು.

ಒಳಗೆ ಹೆಂಗಸಿನ ದನಿ. ಬೆನ್ನಿಗೇ ಲಿಕಾಂಡೊನ ನಗು. ಇನೋಂಗೆ ಗಂಟನ್ನು ನೆಲಕ್ಕಿಟ್ಟು ಸೆರಗು ಬಿಗಿದಂತೆ ಸೊಂಟದ ಬಟ್ಟೆ ಬಿಗಿದು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು.

"ಇನೋಂಗೆ," ಎಂದು ಒಳಗಿನ ಹೆಂಗಸು ಗದರಿದಳು, "ಸಾಕು ಬಾ ಈ ಕಡೆ."

ಹೊರಗಿದ್ದ ಇನೋಂಗೆ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದಳು. ಸಿಕ್ಕಿಬಿದ್ದೆ ಎಂದುಕೊಂಡಳು. ಹೂಂ ಎನ್ನಲು ಬಾಯಿ ತೆರೆದೂಬಿಟ್ಟಿದ್ದಳು. ಅಷ್ಟರಲ್ಲಿ ಜೊಂಡಿನ ಸಂದಿಯಿಂದ ಕಂಡಿತು, ಆರು ವರ್ಷದ ಹುಡುಗಿಯೊಂದು ಲಿಕಾಂಡೊನ ಸೈಕಲ್ಲಿನ ಬಾರಿನ ಮೇಲಿಂದ ಮೂತಿ ಉಬ್ಬಿಸಿ ಕೆಳಗಿಳಿಯುತ್ತಿತ್ತು. ಮೈಮೇಲೆ ಹಳದಿ ಅಂಗಿ, ಗಿನಿಕೋಳಿ ಚಿತ್ರದ್ದು. ನಾಲ್ಕು ತುಂಡು ಸೇರಿಸಿ ಹೊಲಿದದ್ದು. ಎಡದ ತೋಳನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿ ಹೊಲಿದಿದ್ದರಿಂದ ಭುಜ ಎಳೆದುಕೊಂಡಿತ್ತು. ಮಗುವನ್ನು ಗದರಿದವಳು ಒಲೆಯ ಮುಂದೆ ಕೂತಿದ್ದಳು. ಬೆನ್ನು ಈ ಕಡೆ ಇತ್ತು. ಆ ಬೆನ್ನಿನ ಅಳತೆ ಇನೋಂಗೆಗೆ ಟೇಪಿಲ್ಲದೆಯೂ ಗೊತ್ತು. ಹದಿನೆಂಟು ವರ್ಷ ಆ ಬೆನ್ನಿಗೆ ಅವಳೇ ಬಟ್ಟೆ ಹೊಲಿದಿದ್ದಳು.

ಮಗಳ ಹೆಸರೆತ್ತಬೇಡಿ ಎಂದು ಬೀದಿಯಲ್ಲಿ ನಿಂತು ಕೂಗಿದ ತಾಯಿಯ ಹೆಸರನ್ನೇ ನಾಸಿಲೆಲೆ ಮಗಳಿಗೆ ಇಟ್ಟಿದ್ದಳು. ದಿನಕ್ಕೆ ನೂರು ಸಲ ಆ ಹೆಸರು ಕರೆಯುತ್ತಿದ್ದಳು.

"ಚಳಿಗಾಲ ಮುಗಿದ್ಮೇಲೆ ಮತ್ತೆ ಬರಲ್ವಾ ಚಳಿಗಾಲದ ಅಜ್ಜ?" ಎಂದು ಹುಡುಗಿ ಕೇಳಿತು.

"ಇನ್ನೊಂದು ಚಳಿಗಾಲ ಬರುತ್ತಲ್ಲ ಪುಟ್ಟಾ," ಎಂದ ಲಿಕಾಂಡೊ. ಅವನ ದನಿ ಅರ್ಧಕ್ಕೇ ಇಳಿಯಿತು. "ನೋಡೋಣ."

ಇನೋಂಗೆ ಒಳಗೆ ಹೋಗಬಹುದಿತ್ತು. ನಾಲ್ಕು ಹೆಜ್ಜೆ. ಹೋಗಲಿಲ್ಲ. ಎಂಟು ವರ್ಷದ ಹಿಂದೆ ಬೀದಿಯಲ್ಲಿ ತಾನೇ ಆಡಿದ ಮಾತು ಆ ಬಾಗಿಲಿಗೆ ಅಡ್ಡ ನಿಂತಿತ್ತು. ಗಂಟು ಎತ್ತಿಕೊಂಡು ಬಂದ ದಾರಿಯಲ್ಲೇ ಓಡುತ್ತಾ ಹೋದಳು, ಡಾಂಬರು ರಸ್ತೆಗೆ ಬಂದು ಕಟಿಮಾ ಕಡೆಗೆ ಹೋಗುತ್ತಿದ್ದ ಪಿಕಪ್ಪಿಗೆ ಕೈ ಅಡ್ಡ ಹಾಕಿ ಮನೆ ಸೇರಿದಳು. ಆರೂವರೆಗೆ ಲಿಕಾಂಡೊ ಬಂದ. ರುಂಡುವಿನ ಫೋನು ಇವತ್ತೂ ತಡವಾಯಿತು ಎಂದ. ಸುಳ್ಳು ಹೇಳಿದವನು ಅವನು, ತಲೆ ಎತ್ತಲಾಗದೆ ಕೂತವಳು ಇವಳು. ಮುದ್ದೆಯ ಜೊತೆಗೆ ದೊಡ್ಡ ಮೀನಿನ ತಲೆ ಅವನ ತಟ್ಟೆಗೇ ಹಾಕಿದಳು. ಅವನು ಅನುಮಾನದಿಂದ ಒಮ್ಮೆ ತಟ್ಟೆ ನೋಡಿದ, ಒಮ್ಮೆ ಅವಳನ್ನು ನೋಡಿದ.

ಮಾರನೆಯ ಬೆಳಿಗ್ಗೆಯೇ ಅವಳು ಮಟೆಂಗುವಿನ ಮನೆಗೆ ಹೋಗಿ, ಸಭೆಯಲ್ಲಿ ಎತ್ತಿದ ಕೈಯನ್ನು ಈಗ ಇಳಿಸಬಹುದೇ ಎಂದು ಕೇಳಿದಳು. ಮುದುಕ ಹುಬ್ಬು ಗಂಟಿಕ್ಕಿ ನೋಡಿದ.

"ನಿನ್ನ ಕೈ ವಿಂಡ್‌ಹೂಕ್ ಸೇರಿ ಆಯ್ತಲ್ಲೇ ತಾಯಿ. ಇನ್ನು ಅದನ್ನ ಎಲ್ಲಿಂದ ಇಳಿಸಲಿ?" ಎಂದ. ಮತ್ತೆ ದನಿ ತಗ್ಗಿಸಿ, "ನಿಂಗೇನಾದ್ರೂ ಗೊತ್ತಾಯ್ತಾ? ಒಳಗುಟ್ಟು?" ಎಂದ.

ಗೊತ್ತಾಯಿತು ಎಂದಷ್ಟೇ ಹೇಳಿ ಅವಳು ಎದ್ದು ಬಂದಳು. ಮಟೆಂಗು ಆ ವಾರವೆಲ್ಲ ನಿದ್ದೆಗೆಟ್ಟ ಎಂದು ಊರಲ್ಲಿ ಹೇಳುತ್ತಾರೆ.

ಆ ಚಳಿಗಾಲ ಉಳಿದಷ್ಟು ದಿನ ಲಿಕಾಂಡೊ ಆರೂವರೆಗೇ ಬಂದ, ಇನೋಂಗೆ ಒಂದು ಮಾತೂ ಆಡಲಿಲ್ಲ. ಚಿಂದಿ ಚೀಲದ ಮೇಲ್ಭಾಗದಲ್ಲಿ ಒಳ್ಳೊಳ್ಳೆಯ ತುಂಡು ಇಡತೊಡಗಿದಳು, ಸ್ವಲ್ಪ ದೊಡ್ಡವೇ. ಅವು ಮಾಯವಾದಾಗ ಒಳಗೊಳಗೇ ಸಮಾಧಾನಪಟ್ಟಳು. ಗಂಡ ಹೆಂಡಿರು ಒಂದೇ ಸೂರಿನ ಕೆಳಗೆ ಕೂತು ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಮುಚ್ಚಿಡುತ್ತಿದ್ದರು. ಇದಕ್ಕಿಂತ ಮೊಂಡು ಜೋಡಿಯನ್ನು ನಾನು ಕಂಡಿಲ್ಲ. ಒಂದು ದಿನ ರೇಡಿಯೊದವರು ಹೇಳಿಯೇಬಿಟ್ಟರು, ಚಳಿಗಾಲದ ಟೈಮು ಇನ್ನು ಮುಂದೆ ಇಲ್ಲ, ಸೆಪ್ಟೆಂಬರಿನಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸುವುದೇ ಕೊನೆಯದು. ಲಿಕಾಂಡೊ ಎದ್ದು ರೇಡಿಯೊ ಆರಿಸಿದ. ಬ್ಯಾಟರಿ ಉಳಿಯಲಿ ಎಂದ.

ಏಪ್ರಿಲ್ ಬಂತು. ಮೊದಲ ಭಾನುವಾರ ಕಳೆಯಿತು. ಗೋಡೆ ಗಡಿಯಾರವೂ ರೇಡಿಯೊವೂ ಮೊಟ್ಟಮೊದಲ ಸಲ ಚಳಿಗಾಲದಲ್ಲಿ ಒಂದೇ ಮಾತು ಹೇಳಿದವು. ಸೋಮವಾರ ಐದೂವರೆಗೆ ಲಿಕಾಂಡೊ ಮನೆಯಲ್ಲಿದ್ದ. ಆಚೆಗೂ ಈಚೆಗೂ ಒಂದೇ ಟೈಮಾದ ಮೇಲೆ ಹೇಳುವುದಕ್ಕೆ ನೆಪ ಎಲ್ಲಿ ಉಳಿಯಿತು? ಮಂಗಳವಾರವೂ ಐದೂವರೆ. ಬುಧವಾರ ಸೈಕಲ್ ಇಳಿದು, ಅದನ್ನು ಗೋಡೆಗೊರಗಿಸಿ, ಬಾರನ್ನು ಸುಮ್ಮನೆ ಒಮ್ಮೆ ಒರೆಸಿದ. ಮಗು ಕೂರುತ್ತಿದ್ದ ಜಾಗ. ಇನೋಂಗೆ ಅದನ್ನು ಕಿಟಕಿಯಿಂದ ನೋಡಿದಳು. ಹೋಗಿ ಬಾ ಎಂದು ಹೇಳಿದರೆ ಮುಗಿಯುತ್ತಿತ್ತು, ಗಂಟಲಿನವರೆಗೂ ಬಂದಿತ್ತು. ಹೇಳುವುದಕ್ಕೆ ಆಗಲಿಲ್ಲ. ಆ ಗಂಟೆಯನ್ನು ಸಭೆಯ ನಡುವೆ ನಿಂತು ಕೊಂದವಳು ತಾನೇ. ಈಗ ಹೋಗಿ ಬಾ ಎಂದು ಅವನ ತಲೆಯ ಮೇಲೆ ಹಾಕಿ ತಾನು ಮನೆಯಲ್ಲಿ ಕೂತರೆ ಏನು ಬಂತು?

ಗುರುವಾರ ಇಡೀ ದಿನ ಒಂದೇ ಬಟ್ಟೆ ಹೊಲಿದಳು. ಹಳದಿಯದು, ಹೊಸದು, ತುಂಡು ಸೇರಿಸಿದ್ದಲ್ಲ. ಸಂದಿಯಿಂದ ಒಮ್ಮೆ ಕಂಡ ಅಳತೆಗೆ ಹತ್ತು ತಿಂಗಳ ಬೆಳವಣಿಗೆ ಸೇರಿಸಿದಳು. ಶುಕ್ರವಾರ ಮೂರೂವರೆಗೆ ಅದನ್ನು ಗಂಟು ಕಟ್ಟಿ, ಟೇಪು ಕುತ್ತಿಗೆಗೆ ಹಾಕಿಕೊಂಡು ಸೇತುವೆ ದಾಟಿದಳು. ಯಾರ್ಡಿನ ಮುಂದೆ ಹೋಗದೆ ಪೊದೆಗಳ ಹಿಂದಿನಿಂದ ಸುತ್ತಿ ಮರಳು ದಾರಿ ಹಿಡಿದಳು. ಈ ಸಲ ಜಾಡು ಬೇಕಾಗಲಿಲ್ಲ.

ಜೊಂಡಿನ ಗೋಡೆಯ ಬಾಗಿಲಲ್ಲಿ ನಿಂತಳು. ಒಳಗೆ ಒಲೆಯ ಹೊಗೆ ಏಳುತ್ತಿತ್ತು. ತಾಯಿ ಮಗಳ ಮನೆಗೆ ಹೋದರೆ ಮಂಡಿಯೂರುವ ರೂಢಿ ಅಲ್ಲೆಲ್ಲೂ ಇಲ್ಲ. ಮಗಳೇ ಓಡಿ ಬಂದು ಮಂಡಿಯೂರಬೇಕು. ಇನೋಂಗೆ ಗಂಟನ್ನು ಪಕ್ಕಕ್ಕಿಟ್ಟು, ನೋಯುವ ಮಂಡಿಯನ್ನು ಮರಳಿಗೆ ಊರಿ, ಮೆಲ್ಲಗೆ ಎರಡು ಸಲ ಕೈ ತಟ್ಟಿದಳು. ತಟ್ಟಿ, ಒಳಗಿನಿಂದ ಕರೆಯಲಿ ಎಂದು ಕಾದಳು. ಕಾಯುವಾಗ ಅವಳಿಗೆ ಭಯವಾಯಿತು. ಕರೆಯದಿದ್ದರೂ ತಪ್ಪಿಲ್ಲ ಎಂದು ಗೊತ್ತಿದ್ದದ್ದರಿಂದ ಇನ್ನೂ ಭಯವಾಯಿತು.

ನಾಸಿಲೆಲೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಬಂದವಳು ಹಾಗೇ ನಿಂತಳು. ಅವಳ ಹಿಂದೆ ಹುಡುಗಿ ಅದೇ ಹಳೆಯ ಹಳದಿ ಅಂಗಿಯಲ್ಲಿ ಇಣುಕಿತು. ಕ್ಷಮಿಸು ಎನ್ನಬೇಕೆಂದು ಇನೋಂಗೆ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

"ತೋಳು ಉಲ್ಟಾ ಕೂರಿಸಿದೀಯಲ್ಲೇ," ಅಂದಳು. "ಯಾರು ಕಲಿಸಿದ್ದು ನಿಂಗೆ?"

"ತೋಳಿನ ತನಕ ನೀನು ಕಲಿಸ್ಲೇ ಇಲ್ವಲ್ಲಮ್ಮ," ಅಂದಳು ನಾಸಿಲೆಲೆ. ತಾಯಿಯ ಎದುರು ಅವಳೂ ಮರಳಿನಲ್ಲಿ ಮಂಡಿಯೂರಿದಳು. ಇಬ್ಬರೂ ಅತ್ತರು. ಹುಡುಗಿಗೆ ಏನೂ ತಿಳಿಯದೆ, ಇಬ್ಬರೂ ಮಂಡಿಯೂರಿದ್ದಾರಲ್ಲ ಎಂದು ತಾನೂ ಮಂಡಿಯೂರಿ ಕೈ ತಟ್ಟಿತು.

ವಾಪಸು ಹೊರಡುವಾಗ ಹೊತ್ತು ಇಳಿದಿತ್ತು. ಆಲ್ಫಿಯಸ್ ಕೆಲಸದಿಂದ ಬಂದಿದ್ದ. ಅತ್ತೆಯ ಮುಖವನ್ನು ನೇರ ನೋಡದೆ, ಸೇತುವೆಯವರೆಗೆ ಬರುತ್ತೇನೆ ಎಂದಷ್ಟೇ ಹೇಳಿ ಮುಂದೆ ನಡೆದ. ಅರ್ಧ ದಾರಿಯಲ್ಲಿ ನಿಂತು, ನೆಲ ನೋಡಿ, ಮರಿಯಿರುವ ಆನೆ ಈಗ ತಾನೇ ದಾಟಿದೆ, ಸ್ವಲ್ಪ ನಿಲ್ಲೋಣ ಎಂದ. ಇನೋಂಗೆಗೆ ನೆಲದಲ್ಲಿ ಏನೂ ಕಾಣಲಿಲ್ಲ. ಅವನು ನಡೆಯಿರಿ ಎನ್ನುವವರೆಗೆ ಅವನ ಬೆನ್ನ ಹಿಂದೆ ಬಾಯಿ ಮುಚ್ಚಿಕೊಂಡು ನಿಂತಳು.

ಮನೆ ಮುಟ್ಟಿದಾಗ ಲಿಕಾಂಡೊ ಹೊಸ್ತಿಲಲ್ಲಿ ಲಾಟೀನು ಹಚ್ಚಿ ಕೂತಿದ್ದ. ಮಶೀನಿಗೆ ಬಟ್ಟೆ ಹೊದಿಸಿತ್ತು. ಅಡುಗೆಯನ್ನು ಅವನೇ ಮಾಡಿಟ್ಟಿದ್ದ, ಗಂಟು ಗಂಟು ಮುದ್ದೆ. ಹೆಂಡತಿ ಹೇಳದೆ ಕೇಳದೆ ಹೀಗೆ ಹೊರಗೆ ಹೋದವಳಲ್ಲ. ಅವನ ಮುಖದಲ್ಲಿ ಅನುಮಾನ ಎದ್ದು ಕಾಣುತ್ತಿತ್ತು. ಆರು ವರ್ಷ ತನ್ನನ್ನು ಹೀಗೆ ಕೂರಿಸಿದನಲ್ಲ, ಸ್ವಲ್ಪ ಕೂರಲಿ ಎಂದು ಅವಳಿಗೆ ಒಂದು ಗಳಿಗೆ ಖುಷಿಯೂ ಆಯಿತು.

"ಎಲ್ಲಿಗೆ ಹೋಗಿದ್ದೆ?" ಎಂದ. "ಗಂಟೆ ಎಷ್ಟು ಗೊತ್ತಾ?"

"ಐದೂವರೆ."

"ಆರೂವರೆ ಆಗಿದೆ. ಗೋಡೆ ನೋಡು."

"ಗೋಡೆದು ಬಿಡಿ," ಎಂದಳು ಇನೋಂಗೆ. "ನಂದು ಚಳಿಗಾಲದ ಟೈಮು. ಅಳತೆ ತಗೊಳ್ಳೋಕೆ ಹೋಗಿದ್ದೆ. ಕಣ್ಣಲ್ಲಿ ಅಂದಾಜು ಮಾಡಿದ್ದು ತಪ್ಪಾಗಿತ್ತು, ಅರ್ಧ ಇಂಚು ಜಾಸ್ತೀನೇ ಬೆಳೆದಿದಾಳೆ."

ಲಿಕಾಂಡೊ ಅವಳ ಕುತ್ತಿಗೆಯ ಟೇಪು ನೋಡಿದ. ಮಂಡಿಗೆ ಅಂಟಿದ ಆಚೆ ದಡದ ಬಿಳಿ ಮರಳು ನೋಡಿದ. ಎದ್ದು ಒಳಗೆ ಹೋಗಿ ಎರಡು ತಟ್ಟೆ ಹಾಕಿದ. ಆಮೇಲೆ ಒಳಗಿನಿಂದಲೇ, ಎಂಟೊಂಬತ್ತು ವರ್ಷ ಆ ಮನೆಯಲ್ಲಿ ಯಾರೂ ಆಡದ ಹೆಸರು ಹಿಡಿದು ಕರೆದ.

"ನಾಸಿಲೆಲೆ ತಾಯೀ, ಬಾ. ಮುದ್ದೆ ಆರ್ತಾ ಇದೆ."

ಅವಳು ಮಂಡಿಯ ಮರಳು ಕೊಡವದೆಯೇ ಒಳಗೆ ಹೋಗಿ ಊಟಕ್ಕೆ ಕೂತಳು.